ಮುಂದಿನ ಗಾಲಿ ಬೇರಿಂಗ್: ಗಟ್ಟಿ ಬಿಗಿದ್ರೆ ಸೇಫ್ ಅಲ್ಲ! ಫೋರ್ ವೀಲ್ ಗಾಡಿ ಇದ್ದವರು ತಿಳಿದಿರಲೇಬೇಕು

ಗೋಕಾಕ ಫಾಲ್ಸ್: ಮಳೆಗಾಲದಲ್ಲಿ ಘಟಪ್ರಭಾ ನದಿ ತುಂಬಿದರೆ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕಿನ ಹಳ್ಳಿಗಳಿಗೆ ಸಾಮಾನು ಮುಟ್ಟಿಸೋದು, ಜನರನ್ನು ದಾಟಿಸೋದು ಹೆಚ್ಚಾಗಿ ಫೋರ್ ವೀಲ್ ಡ್ರೈವ್ ಜೀಪು, ಕ್ಯಾಂಪರ್‌ಗಳ ಪಾಲಿನ ಕೆಲಸ. ಕೆಸರು, ಹೊಂಡ, ಮೊಳಕಾಲುದ್ದ ನೀರು ಯಾವುದಕ್ಕೂ ಈ ಗಾಡಿಗಳು ಜಗ್ಗಲ್ಲ. ಆದರೆ ನೀರು ಇಳಿದು ಒಂದೆರಡು ತಿಂಗಳಿಗೆ ಮುಂದಿನ ಗಾಲಿಯಿಂದ 'ಗುಂಯ್' ಅಂತ ಸದ್ದು ಶುರುವಾಗುತ್ತದೆ. ಬಹಳ ಮಂದಿ ಟಯರ್ ಸದ್ದು ಅಂತ ಸುಮ್ಮನಿರುತ್ತಾರೆ. ಇನ್ನು ಕೆಲವರು ಗ್ಯಾರೇಜಿಗೆ ಹೋಗಿ 'ನಟ್ ಸ್ವಲ್ಪ ಗಟ್ಟಿ ಬಿಗಿದು ಕೊಡ್ರಿ' ಅಂತಾರೆ. ಎರಡೂ ತಪ್ಪು. ಎರಡನೆಯದು ಮೊದಲನೆಯದಕ್ಕಿಂತ ಅಪಾಯ.

ಬೇರಿಂಗ್ ಒಳಗೆ ಏನಿರುತ್ತದೆ?

ಸ್ವಾತಂತ್ರ್ಯ ಬಂದ ಆಸುಪಾಸಿನಲ್ಲಿ ಮಹೀಂದ್ರಾ ಕಂಪನಿ ನಮ್ಮ ದೇಶಕ್ಕೆ ತಂದ ವಿಲ್ಲಿಸ್ ಜೀಪಿನ ಮುಂದಿನ ಒಂದೊಂದು ಗಾಲಿಗೆ ಎರಡೆರಡು ಟೇಪರ್ ರೋಲರ್ ಬೇರಿಂಗ್. ಒಂದು ಒಳಗಡೆ, ಒಂದು ಹೊರಗಡೆ. ಅದರ ನಂತರ ಬಂದ ಹಳೆ ಮಾದರಿ ಜೀಪುಗಳಲ್ಲೂ ಇದೇ ವ್ಯವಸ್ಥೆ. ಇದರ ರೋಲರುಗಳು ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಣ್ಣ. ಅದಕ್ಕೇ ಮೇಲಿನ ಭಾರವನ್ನೂ ತಡೆಯುತ್ತವೆ, ತಿರುವಿನಲ್ಲಿ ಪಕ್ಕದಿಂದ ಬರುವ ಒತ್ತಡವನ್ನೂ ತಡೆಯುತ್ತವೆ. ಅಮೆರಿಕದ ಹೆನ್ರಿ ಟಿಮ್ಕೆನ್ 1898ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಅವರು ಕುದುರೆ ಗಾಡಿ ತಯಾರಿಸುತ್ತಿದ್ದವರು ಅನ್ನೋದು ವಿಶೇಷ.

ಫೋರ್ ವೀಲ್ ಗಾಡಿಯಲ್ಲಿ ಮುಂದಿನ ಗಾಲಿಗೂ ಎಂಜಿನ್ ಬಲ ಹೋಗಬೇಕು. ಹಾಗಾಗಿ ಗಾಲಿ ಕೂರುವ ಸ್ಪಿಂಡಲ್ ಟೊಳ್ಳು, ಅದರ ನಡುವೆ ಎಕ್ಸೆಲ್ ಹಾದು ಬರುತ್ತದೆ. ಇಲ್ಲಿ ಎರಡು ನಟ್ ಇರುತ್ತವೆ: ಒಳಗಿನದು ಬೇರಿಂಗ್ ಹೊಂದಿಸಲು, ಹೊರಗಿನದು ಅದನ್ನು ಲಾಕ್ ಮಾಡಲು. ನಡುವೆ ಮಡಚುವ ಲಾಕ್ ವಾಷರ್.

ಗಟ್ಟಿ ಬಿಗಿದರೆ ಏನಾಗುತ್ತದೆ?

ಈ ನಟ್ ಬಿಗಿದಷ್ಟೂ ಒಳ್ಳೆಯದು ಅನ್ನುವಂತಿಲ್ಲ. ಓಡುವಾಗ, ಬ್ರೇಕ್ ಹಿಡಿಯುವಾಗ ಬಿಸಿಯಾಗಿ ಒಳಗಿನ ಕಬ್ಬಿಣ ಹಿಗ್ಗುತ್ತದೆ. ಮೊದಲೇ ಗಟ್ಟಿ ಬಿಗಿದಿದ್ದರೆ ರೋಲರ್‌ಗೆ ಜಾಗವೇ ಉಳಿಯಲ್ಲ. ಗ್ರೀಸ್ ಕರಗಿ ಹೊರಬರುತ್ತದೆ, ರೋಲರ್ ನೀಲಿ ಬಣ್ಣಕ್ಕೆ ತಿರುಗುತ್ತದೆ, ಕೊನೆಗೆ ಬೇರಿಂಗ್ ಜಾಮ್. ಜಾಮ್ ಆದ ಬೇರಿಂಗ್ ಸ್ಪಿಂಡಲ್ಲನ್ನೇ ತಿಂದು ಹಾಕಿ, ಗಾಲಿ ಕಳಚುವ ಮಟ್ಟಕ್ಕೂ ಹೋಗಬಹುದು. ಹಿಂದೆ ಹತ್ತು ಜನ ಕೂತಿದ್ದಾಗ ಹಾಗಾದರೆ ಗತಿ ಏನು?

ತೀರಾ ಸಡಿಲವೂ ಸಲ್ಲದು. ಗಾಲಿ ಅಲುಗಾಡಿ ಸ್ಟೇರಿಂಗ್ ನಡುಗುತ್ತದೆ, ಆಯಿಲ್ ಸೀಲ್ ಹಾಳಾಗುತ್ತದೆ. ಬೇಕಾದ ಸಡಿಲು ಬಹಳ ಸಣ್ಣದು. ಸಾಮಾನ್ಯವಾಗಿ 0.025ರಿಂದ 0.125 ಮಿಲಿಮೀಟರ್ ಒಳಗೆ, ಅಂದರೆ ತಲೆಗೂದಲಿನ ದಪ್ಪದ ಲೆಕ್ಕ.

ನೀರು ಒಳಗೆ ಹೋಗೋದು ಹೇಗೆ?

2019ರ ಆಗಸ್ಟ್ ನೆರೆಯಲ್ಲಿ ಗೋಕಾಕ ಊರೊಳಗೇ ನೀರು ನುಗ್ಗಿದ್ದು ಯಾರೂ ಮರೆತಿಲ್ಲ. 2024ರ ಜುಲೈನಲ್ಲೂ ಲೋಳಸೂರ ಸೇತುವೆ ಮುಳುಗಿತ್ತು. ಇಂಥ ಹೊತ್ತಲ್ಲಿ ದೂರದಿಂದ ಓಡಿ ಬಂದ ಗಾಡಿಯ ಹಬ್ ಬಿಸಿ ಇರುತ್ತದೆ. ಅದು ಒಮ್ಮೆಲೇ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ, ಹಳೆ ಸೀಲ್ ಸಂದಿಯಿಂದ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಗ್ರೀಸ್ ಮಜ್ಜಿಗೆ ಕಲಸಿದಂತೆ ಬೆಳ್ಳಗಾಗುತ್ತದೆ, ರೋಲರ್‌ಗೆ ತುಕ್ಕು ಹಿಡಿಯುತ್ತದೆ. ಹಬ್ ಮುಳುಗುವಷ್ಟು ನೀರಲ್ಲಿ ಓಡಿದ ಗಾಡಿಯನ್ನು ಸದ್ದು ಬರುವ ತನಕ ಬಿಡದೆ ಬಿಚ್ಚಿಸಿ ನೋಡಬೇಕು.

ಮನೆ ಮುಂದೆಯೇ ಚೆಕ್ ಮಾಡಬಹುದು

* ಸಮ ಜಾಗದಲ್ಲಿ ಗಾಡಿ ನಿಲ್ಲಿಸಿ, ಹಿಂದಿನ ಗಾಲಿಗೆ ಕಲ್ಲು ಕೊಟ್ಟು, ಮುಂದಿನ ಗಾಲಿ ಎತ್ತಿ. ಜ್ಯಾಕ್ ಒಂದನ್ನೇ ನಂಬಬೇಡಿ, ಎಕ್ಸೆಲ್ ಕೆಳಗೆ ಗಟ್ಟಿ ಸ್ಟ್ಯಾಂಡ್ ಇಡಿ.
* ಗಾಲಿಯನ್ನು ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿ. 'ಟಕ್ ಟಕ್' ಅಂದರೆ ಒಬ್ಬರಿಗೆ ಬ್ರೇಕ್ ಒತ್ತಲು ಹೇಳಿ. ಆಗ ಅಲುಗಾಟ ನಿಂತರೆ ದೋಷ ಬೇರಿಂಗ್‌ನದ್ದು. ನಿಲ್ಲದಿದ್ದರೆ ಕಿಂಗ್ ಪಿನ್ ಕಡೆ ನೋಡಬೇಕು.
* ಕೈಯಿಂದ ತಿರುಗಿಸಿ. ಮರಳು ಅರೆದಂತೆ ಸದ್ದು ಬಂದರೆ ಬೇರಿಂಗ್ ಮುಗಿದಿದೆ ಅಂತಲೇ ಅರ್ಥ.
* ಓಡುವಾಗ ಎಡಕ್ಕೆ ತಿರುಗಿಸಿದರೆ ಭಾರ ಬಲಗಾಲಿ ಮೇಲೆ ಬೀಳುತ್ತದೆ. ಆಗ ಸದ್ದು ಜೋರಾದರೆ ಬಲಗಡೆಯದ್ದೇ ದೋಷ ಇರಬಹುದು.
* ಐದಾರು ಕಿ.ಮೀ. ಓಡಿಸಿ ನಿಲ್ಲಿಸಿ, ಎರಡೂ ಹಬ್ ಮೇಲೆ ಹನಿ ನೀರು ಹಾಕಿ ನೋಡಿ. ಒಂದರಲ್ಲಿ ಮಾತ್ರ 'ಚುಯ್' ಅಂದರೆ ಬೇರಿಂಗ್ ಬಿಗಿಯಾಗಿದೆ ಅಥವಾ ಬ್ರೇಕ್ ಹಿಡಿದುಕೊಂಡಿದೆ.

ಸರಿಯಾಗಿ ಹೊಂದಿಸೋದು ಹೀಗೆ

1. ಗಾಡಿ ಟೂ ವೀಲ್ ಪೊಸಿಶನ್‌ನಲ್ಲಿರಲಿ. ಗಾಲಿ, ಲಾಕ್ ಹಬ್ ಬಿಚ್ಚಿ, ಲಾಕ್ ವಾಷರ್ ಮಡಿಕೆ ಬಿಡಿಸಿ ಎರಡೂ ನಟ್ ತೆಗೆಯಬೇಕು. ಇದಕ್ಕೆ ದೊಡ್ಡ ಬಾಕ್ಸ್ ಪಾನಾ ಬೇಕು. ಚಾಣ, ಸುತ್ತಿಗೆಯಿಂದ ಹೊಡೆದರೆ ನಟ್ ಹಾಳಾಗುತ್ತದೆ, ಕಬ್ಬಿಣದ ಚೂರು ಬೇರಿಂಗ್ ಒಳಗೆ ಬೀಳುತ್ತದೆ.

2. ಬೇರಿಂಗನ್ನು ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ತೊಳೆದು ಪೂರ್ತಿ ಒಣಗಿಸಬೇಕು. ಕಂಪ್ರೆಸರ್ ಗಾಳಿ ಬಿಟ್ಟು ತಿರುಗಿಸಬಾರದು. ನೀಲಿ ಕಲೆ, ತುಕ್ಕು, ಚುಕ್ಕೆ ಕಂಡರೆ ಹೊಸದೇ ಹಾಕಬೇಕು. ಹಬ್ ಒಳಗೆ ಕೂರುವ ಹೊರಗಿನ ರಿಂಗ್ ಹಳೆಯದೇ ಬಿಟ್ಟು ಬರೀ ಬೇರಿಂಗ್ ಬದಲಿಸಬಾರದು, ಸೆಟ್ಟಾಗಿಯೇ ಬದಲಿಸಬೇಕು.

3. ವೀಲ್ ಬೇರಿಂಗ್ ಗ್ರೀಸನ್ನು ಅಂಗೈಯಲ್ಲಿಟ್ಟು ಒಂದೊಂದು ರೋಲರ್ ಸಂದಿಯೂ ತುಂಬುವಂತೆ ಒತ್ತಬೇಕು. ಮೇಲೆ ಸವರಿದರೆ ಸಾಲದು. ಹಳೆ ಗ್ರೀಸ್ ಮೇಲೆ ಬೇರೆ ಜಾತಿಯ ಗ್ರೀಸ್ ಬೆರೆಸಬಾರದು. ಆಯಿಲ್ ಸೀಲ್ ಹೊಸದು ಹಾಕಬೇಕು.

4. ಹಬ್ ಕೂರಿಸಿ, ಕೈಯಿಂದ ತಿರುಗಿಸುತ್ತಲೇ ಒಳಗಿನ ನಟ್ ಬಿಗಿಯಬೇಕು. ತಿರುಗಿಸದೆ ಬಿಗಿದರೆ ರೋಲರ್ ತನ್ನ ಜಾಗಕ್ಕೆ ಕೂರಲ್ಲ. ಹಬ್ ತಿರುಗಲು ಕಷ್ಟ ಪಡುವ ತನಕ ಬಿಗಿಯಬೇಕು.

5. ಈಗ ಮುಖ್ಯ ಕೆಲಸ: ನಟ್ಟನ್ನು ಆರನೇ ಒಂದು ಸುತ್ತು ಹಿಂದಕ್ಕೆ ಬಿಡಬೇಕು. ಹಳೆ ಜೀಪಿನ ನಟ್ಟಿಗೆ ಆರು ಮುಖ. ಹಾಗಾಗಿ ಒಂದು ಮುಖದಷ್ಟು ಬಿಟ್ಟರೆ ಲೆಕ್ಕ ಸರಿ.

6. ಲಾಕ್ ವಾಷರ್ ಹಾಕಿ ಹೊರಗಿನ ನಟ್ ಗಟ್ಟಿ ಬಿಗಿಯಬೇಕು. ಇದು ಒಳಗಿನ ನಟ್ಟನ್ನು ಸ್ವಲ್ಪ ಒತ್ತುತ್ತದೆ, ಅದಕ್ಕೇ ಮತ್ತೊಮ್ಮೆ ಅಲ್ಲಾಡಿಸಿ, ತಿರುಗಿಸಿ ನೋಡಬೇಕು. ಗಾಲಿ ಹಗುರವಾಗಿ ತಿರುಗಬೇಕು, ಕೈಗೆ ಅಲುಗಾಟ ಗೊತ್ತಾಗಬಾರದು. ಸರಿ ಇದ್ದರೆ ಮಾತ್ರ ವಾಷರ್ ಮಡಚಬೇಕು. ಎರಡು ಮೂರು ಸಲ ಮಡಚಿ ಬಿಡಿಸಿದ ವಾಷರ್ ಮತ್ತೆ ಬೇಡ.

ಈ ಲೆಕ್ಕ ಹಳೆ ಜೀಪುಗಳದ್ದು. ಬೇರೆ ಮಾದರಿಯಾದರೆ ಆ ಗಾಡಿಯ ಮ್ಯಾನುಯಲ್ ಹೇಳಿದ ಅಳತೆಯೇ ಅಂತಿಮ. ಕೆಲ ಹೊಸ ಗಾಡಿಗಳಲ್ಲಿ ಬೇರಿಂಗ್ ಸೀಲ್ ಆಗಿ ಹಬ್ ಜೊತೆಗೇ ಬರುತ್ತದೆ, ಅದನ್ನು ಹೊಂದಿಸೋಕೆ ಬರಲ್ಲ, ಬದಲಿಸಬೇಕಷ್ಟೇ.

ಗ್ಯಾರೇಜಿನಲ್ಲಿ ಕೇಳಬೇಕಾದ ಮೂರು ಮಾತು

ಅಂಗಡಿಯ ಸಾಮಾನು ಗಾಡಿ ಇದ್ದವರು, ಬಾಡಿಗೆ ಜೀಪು ಓಡಿಸುವವರು ಪಾನಾ ಹಿಡಿಯಬೇಕಿಲ್ಲ. ಮಿಸ್ತ್ರಿಯನ್ನು ಇಷ್ಟು ಕೇಳಿದರೆ ಸಾಕು: ಸೀಲ್ ಹೊಸದು ಹಾಕಿದಿರಾ? ನಟ್ ಬಿಗಿದ ಮೇಲೆ ಹಿಂದಕ್ಕೆ ಎಷ್ಟು ಬಿಟ್ಟಿರಿ? ವಾಷರ್ ಮಡಚಿದಿರಾ? ಕೆಲಸ ಗೊತ್ತಿದ್ದ ಮಿಸ್ತ್ರಿ ಮೂರಕ್ಕೂ ತಕ್ಷಣ ಉತ್ತರ ಕೊಡುತ್ತಾರೆ. ಕೆಲಸ ಆದ ಮೇಲೆ ನೂರು ಕಿ.ಮೀ. ಓಡಿಸಿ ಮತ್ತೊಮ್ಮೆ ಗಾಲಿ ಎತ್ತಿ ಅಲ್ಲಾಡಿಸಿ ನೋಡಿ. ಕಬ್ಬಿನ ಹಂಗಾಮು ಶುರುವಾಗಿ ರಸ್ತೆ ಮೇಲೆ ಟ್ರ್ಯಾಕ್ಟರ್ ಸಾಲು ಹಚ್ಚುವ ಮೊದಲೇ ಈ ಕೆಲಸ ಮುಗಿಸಿಕೊಂಡರೆ ಒಳ್ಳೆಯದು.