ಹರಪನಹಳ್ಳಿ ಭೀಮವ್ವನವರ ಹಾಡುಗಳು

ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ಯಾವುದಾದರೂ ಮನೆಯಲ್ಲಿ ಆರತಿಯ ಹೊತ್ತಿಗೆ ಹೆಂಗಸರು ಹಾಡುವ ಪದದ ಕೊನೆಗೆ ‘ಭೀಮೇಶಕೃಷ್ಣ’ ಎಂಬ ಅಂಕಿತವು ಕಿವಿಗೆ ಬಿದ್ದರೆ, ಅದು ಹರಪನಹಳ್ಳಿ ಭೀಮವ್ವನವರ ಕೃತಿಯೆಂದು ತಿಳಿಯಬೇಕು. 1822ರಲ್ಲಿ ಜನಿಸಿ 1902ರಲ್ಲಿ ದಿವಂಗತರಾದ ಇವರು ದಾಸಪರಂಪರೆಗೆ ಸೇರಿದವರು. ಬಿಡಿ ಪದಗಳಲ್ಲದೆ ‘ಸುಭದ್ರಾ ಕಲ್ಯಾಣ’, ‘ನಳಚರಿತ್ರೆ’ಗಳಂತಹ ದೀರ್ಘವಾದ ಕಥನಗೀತಗಳನ್ನೂ ರಚಿಸಿದರು. ಸಭೆಯಲ್ಲಿ ವಿದ್ವಾಂಸರು ಹಾಡುವ ಕೀರ್ತನೆಗೆ ರಾಗವಿಸ್ತಾರವು ಭೂಷಣ. ಕಥೆಯ ಹಾಡಿಗೆ ಬೇಕಾದುದು ಬೇರೆ: ಒಂದೇ ಮಟ್ಟು ಹತ್ತಾರು ನುಡಿಗಳನ್ನು ಹೊರಬೇಕು, ಕೇಳುವವರು ದಣಿಯಬಾರದು, ಮಾತು ಮರೆಯಾಗಬಾರದು.

ಇವರಿಗಿಂತ ಕಿರಿಯರಾದ ಇಂಗ್ಲೆಂಡಿನ ಎಥೆಲ್ ಸ್ಮೈತ್ (1858–1944) ಎಂಬಾಕೆ ‘ದಿ ರೆಕರ್ಸ್’ ಎಂಬ ಗೀತನಾಟಕವನ್ನು ಸ್ವರಲಿಪಿಯಲ್ಲಿ ಬರೆದಿಟ್ಟರು. 1906ರಲ್ಲಿ ಲೈಪ್ಸಿಗ್ ನಗರದಲ್ಲಿ ಮೊದಲು ಆಡಿದ ಅದನ್ನು 2022ರಲ್ಲಿ ಗ್ಲೈಂಡ್‌ಬೋರ್ನ್‌ನಲ್ಲಿ ಮತ್ತೆ ಆಡಲು ಸಾಧ್ಯವಾದುದು ಆ ಬರವಣಿಗೆಯಿಂದ. ಭೀಮವ್ವನವರ ಪದಗಳಿಗೆ ಅಚ್ಚು ದೊರೆತಿದೆ; ಮಟ್ಟುಗಳಾದರೋ ಬಹುಪಾಲು ಕಂಠದಿಂದ ಕಂಠಕ್ಕೆ ಬಂದವು. ಕಲಿಯುವವರಿಲ್ಲದಿದ್ದರೆ ಪುಸ್ತಕವುಳಿದರೂ ಹಾಡು ಉಳಿಯದು. ಆದಕಾರಣ ನಿಮ್ಮ ಮನೆಯ ಅಜ್ಜಿಗೆ ಇವುಗಳಲ್ಲಿ ಒಂದಾದರೂ ಬರುತ್ತಿದ್ದರೆ, ಪದವನ್ನು ಬರೆದುಕೊಂಡು ಸುಮ್ಮನಾಗಬೇಡಿ. ಅವರ ಬಳಿ ಕುಳಿತು ಮಟ್ಟನ್ನೂ ಕಲಿಯಿರಿ.