ತೋಟದ ಸಂಬಳ ಮತ್ತು ಮೂಲದಲ್ಲಿ ತೆರಿಗೆ: ಬಿಸಿಲೆ ಭಾಗದ ಸಣ್ಣ ಉದ್ದಿಮೆದಾರರು ಗಮನಿಸಬೇಕಾದ ಸಂಗತಿಗಳು

ಸಕಲೇಶಪುರದಿಂದ ಹೆತ್ತೂರು, ವಣಗೂರು ದಾಟಿ ಬಿಸಿಲೆ ಘಾಟಿಯತ್ತ ಸಾಗುವ ರಸ್ತೆಯ ಇಕ್ಕೆಲಗಳಲ್ಲಿ ಕಾಫಿ, ಏಲಕ್ಕಿ, ಕಾಳುಮೆಣಸಿನ ತೋಟಗಳ ಜೊತೆಗೆ ಹೋಂಸ್ಟೇ ಫಲಕಗಳೂ ಈಗ ಸಾಮಾನ್ಯವಾಗಿವೆ. ಈ ಉದ್ದಿಮೆಗಳಲ್ಲಿ ಬಹುಪಾಲು ಕುಟುಂಬದ ಒಡೆತನದವು. ಒಬ್ಬ ಮ್ಯಾನೇಜರು, ಒಬ್ಬರೋ ಇಬ್ಬರೋ ರೈಟರುಗಳು, ಮೇಸ್ತ್ರಿ, ಚಾಲಕ, ಅಡುಗೆಯವರು, ಉಳಿದಂತೆ ದಿನಗೂಲಿಯ ಆಳುಗಳು: ಇಷ್ಟೇ ಸಿಬ್ಬಂದಿ. ಇಂಥಲ್ಲಿ ಸಂಬಳದಿಂದ ಆದಾಯ ತೆರಿಗೆ ಮುರಿದುಕೊಳ್ಳುವ ಪ್ರಶ್ನೆ ಬಂದಾಗ ಕೇಳಿಬರುವ ಮೊದಲ ಉತ್ತರ, “ನಮ್ಮದು ಕೃಷಿ ಆದಾಯ, ತೆರಿಗೆಯೇ ಇಲ್ಲವಲ್ಲ” ಎಂಬುದು.

ಈ ಉತ್ತರದಲ್ಲಿ ಅರ್ಧ ಸತ್ಯವಿದೆ. ಹಣ್ಣನ್ನು ಕೊಯ್ದು, ಕಣದಲ್ಲಿ ಒಣಗಿಸಿ ಚೆರ್ರಿಯಾಗಿಯೋ ಪಾರ್ಚ್‌ಮೆಂಟ್ ಆಗಿಯೋ ಮಾರುವ ಬೆಳೆಗಾರನ ಆದಾಯ ಕೃಷಿ ಆದಾಯವೇ ಸರಿ. ತಾನೇ ಬೆಳೆದು ಕ್ಯೂರಿಂಗ್ ಮಾಡಿಸಿ ಮಾರಿದರೆ ಶೇ. 25ರಷ್ಟು, ಹುರಿದು ಪುಡಿ ಮಾಡಿ ಮಾರಿದರೆ ಶೇ. 40ರಷ್ಟು ಲಾಭವನ್ನು ವ್ಯಾಪಾರದ ಆದಾಯವೆಂದು ಪರಿಗಣಿಸುವ 7ಬಿ ನಿಯಮ 2002ರಲ್ಲಿ ಆದಾಯ ತೆರಿಗೆ ನಿಯಮಾವಳಿಗೆ ಸೇರಿತು. ಆದರೆ ಇವೆಲ್ಲವೂ ಮಾಲೀಕನ ಆದಾಯಕ್ಕೆ ಸಂಬಂಧಿಸಿದ ಮಾತು. ಮ್ಯಾನೇಜರನ ಕೈಗೆ ಸೇರುವ ಹಣದ ಮೂಲ ಭೂಮಿಯಲ್ಲ, ನೌಕರಿಯ ಕರಾರು. ಅದು ಸಂಬಳ, ಸಂಬಳಕ್ಕೆ ಕೃಷಿ ಆದಾಯದ ವಿನಾಯಿತಿ ಅಂಟುವುದಿಲ್ಲ. ಮಾಲೀಕನು ತಾನು ಒಂದು ರೂಪಾಯಿ ತೆರಿಗೆ ಕಟ್ಟದವನಾದರೂ ನೌಕರನ ತೆರಿಗೆಯನ್ನು ಮುರಿದು ಸರ್ಕಾರಕ್ಕೆ ಜಮಾ ಮಾಡುವ ಹೊಣೆಯಿಂದ ಪಾರಾಗುವುದಿಲ್ಲ.

ಪಾಲುದಾರನ ಸಂಬಳದ ವಿಚಾರ ಮಾತ್ರ ಬೇರೆ. ಚಹಾ ತೋಟದ ಪಾಲುದಾರಿಕೆ ಸಂಸ್ಥೆಯೊಂದಕ್ಕೆ ಸಂಬಂಧಿಸಿದ ಆರ್.ಎಂ. ಚಿದಂಬರಂ ಪಿಳ್ಳೈ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1977ರಲ್ಲಿ, ಪಾಲುದಾರನಿಗೆ ಕೊಡುವ ಸಂಬಳವು ಸಂಸ್ಥೆಯ ಲಾಭದ ಒಂದು ಭಾಗವೇ ಆದ್ದರಿಂದ ಅದೇ ಪ್ರಮಾಣದಲ್ಲಿ ಕೃಷಿ ಸ್ವರೂಪ ಪಡೆಯುತ್ತದೆಂದು ತೀರ್ಮಾನಿಸಿತು. ಅಣ್ಣತಮ್ಮಂದಿರು ಪಾಲುದಾರರಾಗಿ ತೋಟ ನಡೆಸುವ ಕಡೆಗಳಲ್ಲಿ ಈ ತೀರ್ಪಿನ ಆಧಾರವನ್ನೇ ಹೊರಗಿನ ಮ್ಯಾನೇಜರನಿಗೂ ಎಳೆಯುವವರಿದ್ದಾರೆ. ಅದು ತಪ್ಪು. ಪಾಲುದಾರರ ಸಂಭಾವನೆಗೆ ಸಂಬಳದ ಕಲಂ ಅನ್ವಯಿಸದಿದ್ದರೂ 2025ರ ಏಪ್ರಿಲ್ 1ರಿಂದ, ವರ್ಷಕ್ಕೆ ರೂ. 20,000 ಮೀರಿದರೆ ಶೇ. 10ರಂತೆ ಮುರಿಯಬೇಕೆಂಬ ಪ್ರತ್ಯೇಕ ವಿಧಿ ಬಂದಿರುವುದನ್ನೂ ಇಲ್ಲಿ ನೆನಪಿಡಬೇಕು.

ಸಂಬಳದಿಂದ ತೆರಿಗೆ ಕಡಿತವನ್ನು ವಿಧಿಸುತ್ತಿದ್ದ 1961ರ ಅಧಿನಿಯಮದ 192ನೆಯ ಕಲಂ, 2026ರ ಏಪ್ರಿಲ್ 1ರಿಂದ ಜಾರಿಯಾಗುವಂತೆ ರಚಿತವಾದ 2025ರ ಅಧಿನಿಯಮದಲ್ಲಿ 392ನೆಯ ಕಲಮಾಗಿದೆ. ಸಂಖ್ಯೆ ಬದಲಾದರೂ ತಿರುಳು ಅದೇ: ವರ್ಷದ ಒಟ್ಟು ಸಂಬಳವನ್ನು ಅಂದಾಜು ಮಾಡಿ, ಅದರ ಮೇಲಿನ ತೆರಿಗೆಯನ್ನು ಲೆಕ್ಕ ಹಾಕಿ, ಸರಾಸರಿ ದರದಲ್ಲಿ ಪ್ರತಿ ಪಾವತಿಯ ಸಮಯದಲ್ಲಿ ಮುರಿಯಬೇಕು. ಗುತ್ತಿಗೆ ಪಾವತಿ ಮೊದಲಾದವುಗಳಲ್ಲಿ ವೈಯಕ್ತಿಕ ಒಡೆತನದ ಉದ್ದಿಮೆಗೆ ವಹಿವಾಟಿನ ಮಿತಿಯ ರಕ್ಷಣೆಯುಂಟು. ಸಂಬಳಕ್ಕೆ ಅಂಥ ಮಿತಿಯಿಲ್ಲ. ತೆರಿಗೆಗೆ ಒಳಪಡುವ ಸಂಬಳವನ್ನು ಒಬ್ಬನಿಗೇ ಕೊಡುತ್ತಿದ್ದರೂ ಟ್ಯಾನ್ ಸಂಖ್ಯೆ ಪಡೆಯಲೇಬೇಕು.

ಕಡಿತವು ಪಾವತಿಯ ದಿನಕ್ಕೆ ಸಂಬಂಧಿಸಿದ್ದೆಂಬುದು ಮಲೆನಾಡಿನಲ್ಲಿ ಮುಖ್ಯ. ತಿಂಗಳಿಗೆ ಖರ್ಚಿಗಷ್ಟು ಕೊಟ್ಟು, ಫಸಲು ಮಾರಾಟವಾದ ಮೇಲೆ ಫೆಬ್ರವರಿಯಲ್ಲೋ ಮಾರ್ಚಿಯಲ್ಲೋ ಬಾಕಿ ಚುಕ್ತಾ ಮಾಡುವ ರೂಢಿ ಇನ್ನೂ ಅಲ್ಲಲ್ಲಿ ಇದೆ. ಹಾಗಿದ್ದಲ್ಲಿ ಕೊಟ್ಟಾಗಲೇ ಮುರಿಯಬೇಕು. ಮುಂಗಡವಾಗಿ ಕೊಟ್ಟ ಸಂಬಳವೂ ಕೊಟ್ಟ ದಿನದ ಸಂಬಳವೇ. ಆದರೆ ಸಾಲವಾಗಿ ಕೊಟ್ಟದ್ದು ಸಂಬಳವಲ್ಲ. ರೈಟರಿನ ಪುಸ್ತಕದಲ್ಲಿ ಎರಡನ್ನೂ “ಅಡ್ವಾನ್ಸ್” ಎಂಬ ಒಂದೇ ತಲೆಬರಹದಡಿ ಬರೆದಿಟ್ಟರೆ ಮುಂದೆ ಬಿಡಿಸಿ ಹೇಳುವುದು ಮಾಲೀಕನಿಗೂ ಕಷ್ಟ, ಲೆಕ್ಕ ಪರಿಶೋಧಕನಿಗೂ ಕಷ್ಟ.

ನಿಜವಾದ ತೊಡಕು ಎಲ್ಲಿದೆಯೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. 2025-26ನೆಯ ಸಾಲಿನ ಹೊಸ ಪದ್ಧತಿಯ ದರಗಳಂತೆ, ರೂ. 75,000 ಪ್ರಮಾಣಿತ ಕಡಿತದ ನಂತರ ಆದಾಯ ರೂ. 12 ಲಕ್ಷ ಮೀರದಿದ್ದರೆ ರಿಯಾಯಿತಿಯ ಕಾರಣ ತೆರಿಗೆ ಬರುವುದಿಲ್ಲ. ಆದ್ದರಿಂದ ತಿಂಗಳಿಗೆ ರೂ. 95,000 ಪಡೆಯುವ ಮ್ಯಾನೇಜರನಿಗೆ ವರ್ಷದ ರೂ. 11,40,000ದ ಮೇಲೆ ಕಡಿತವಿಲ್ಲವೆಂದು ಮಾಲೀಕ ನಿಶ್ಚಿಂತನಾಗಿರುತ್ತಾನೆ. ಬೆಲೆ ಚೆನ್ನಾಗಿ ಬಂದ ವರ್ಷವಾದ್ದರಿಂದ ಮಾರ್ಚಿಯಲ್ಲಿ ರೂ. 1,60,000 ಬೋನಸ್ ಕೊಡುತ್ತಾನೆ. ಒಟ್ಟು ರೂ. 13 ಲಕ್ಷವಾಯಿತು, ಪ್ರಮಾಣಿತ ಕಡಿತ ಕಳೆದು ರೂ. 12,25,000. ಮಿತಿ ಮೀರಿದ್ದು ರೂ. 25,000 ಮಾತ್ರವಾದ್ದರಿಂದ ಅಂಚಿನ ರಿಯಾಯಿತಿಯಂತೆ ತೆರಿಗೆಯೂ ಅಷ್ಟಕ್ಕೇ ನಿಲ್ಲುತ್ತದೆ. ಶೇ. 4 ಸೆಸ್ ಸೇರಿ ರೂ. 26,000.

ಲೆಕ್ಕ ಇಲ್ಲಿಗೆ ಮುಗಿಯಲಿಲ್ಲ. ಮ್ಯಾನೇಜರು ವಾಸವಿರುವುದು ಮಾಲೀಕನ ಒಡೆತನದ ಬಂಗಲೆಯಲ್ಲಿ, ಬಾಡಿಗೆಯಿಲ್ಲದೆ. 2023ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ನಿಯಮದಂತೆ, 15 ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳನ್ನು ಬಿಟ್ಟು ಉಳಿದೆಡೆ ಇಂಥ ವಸತಿಯ ಮೌಲ್ಯ ಸಂಬಳದ ಶೇ. 5. ಬೋನಸ್ಸೂ ಈ ಸಂಬಳದಲ್ಲಿ ಸೇರುತ್ತದೆ. ಅಂದರೆ ರೂ. 65,000 ಸವಲತ್ತಿನ ಮೌಲ್ಯ ಸೇರಿ ತೆರಿಗೆಗೆ ಒಳಪಡುವ ಆದಾಯ ರೂ. 12,90,000 ಆಗುತ್ತದೆ. ಆಗ ಅಂಚಿನ ರಿಯಾಯಿತಿ ಸಿಗುವುದಿಲ್ಲ, ತೆರಿಗೆ ರೂ. 73,500, ಸೆಸ್ ಸೇರಿ ರೂ. 76,440. ಹಳೆಯ ಹೆಂಚಿನ ಬಂಗಲೆಯೊಂದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಟ್ಟದ್ದರಿಂದ ರೂ. 50,440ರ ವ್ಯತ್ಯಾಸ. ಪೀಠೋಪಕರಣಗಳನ್ನೂ ಮಾಲೀಕನೇ ಒದಗಿಸಿದ್ದರೆ ಅವುಗಳ ಬೆಲೆಯ ಶೇ. 10 ಬೇರೆ. ಗಣಿ, ಅಣೆಕಟ್ಟು, ವಿದ್ಯುದಾಗಾರದಂಥ ದೂರದ ಕೆಲಸದ ಸ್ಥಳಗಳ ವಸತಿಗೆ ನಿಯಮಾವಳಿಯಲ್ಲಿ ವಿನಾಯಿತಿ ಇತ್ತು. ತೋಟ ಆ ಪಟ್ಟಿಯಲ್ಲಿ ಇರಲಿಲ್ಲ. ಬಿಸಿಲೆಯಂಥ ಕಾಡಂಚಿನಲ್ಲಿ ಬೇರೆ ಬಾಡಿಗೆ ಮನೆಯೇ ದೊರೆಯದೆಂಬ ವಾದ ನ್ಯಾಯವಾದದ್ದೇ ಆದರೂ ಕಾನೂನು ಅದನ್ನು ಕೇಳಿಸಿಕೊಂಡಿಲ್ಲ.

ಈ ಮೊತ್ತವನ್ನು ಕಾನೂನಿನ ಚೌಕಟ್ಟಿನಲ್ಲೇ ತಗ್ಗಿಸಲು ಸಾಧ್ಯವೇ? ಸಾಧ್ಯ. ಹೊಸ ಪದ್ಧತಿಯಲ್ಲಿ ಉಳಿತಾಯದ ವಿನಾಯಿತಿಗಳು ಬಹುತೇಕ ಇಲ್ಲವಾದರೂ, ರಾಷ್ಟ್ರೀಯ ಪಿಂಚಣಿ ಯೋಜನೆಗೆ ಮಾಲೀಕನು ಕಟ್ಟುವ ವಂತಿಗೆಗೆ ಮೂಲವೇತನ ಮತ್ತು ತುಟ್ಟಿಭತ್ಯೆಯ ಶೇ. 14ರವರೆಗೆ ಕಡಿತ 2024-25ರಿಂದ ಖಾಸಗಿ ನೌಕರರಿಗೂ ದೊರೆಯುತ್ತಿದೆ. ಮೇಲಿನ ಮ್ಯಾನೇಜರನ ಮೂಲವೇತನ ತಿಂಗಳಿಗೆ ರೂ. 60,000 ಎಂದಿಟ್ಟುಕೊಂಡರೆ ವರ್ಷಕ್ಕೆ ರೂ. 1,00,800. ಒಟ್ಟು ರೂ. 13 ಲಕ್ಷದಲ್ಲಿ ಇಷ್ಟನ್ನು ಪಿಂಚಣಿ ಖಾತೆಗೆ ಕಟ್ಟುವ ಏರ್ಪಾಡಾದರೆ ಆದಾಯ ರೂ. 12 ಲಕ್ಷದೊಳಗೆ ಬಂದು ತೆರಿಗೆಯೇ ಉಳಿಯುವುದಿಲ್ಲ. ಆದರೆ ಆ ಹಣ ನಿವೃತ್ತಿಯ ಕಾಲದವರೆಗೆ ಬಹುಮಟ್ಟಿಗೆ ಕೈಗೆ ಸಿಗದು. ಮಗಳ ಮದುವೆ ಮುಂದಿಟ್ಟುಕೊಂಡವನಿಗೆ ತೆರಿಗೆ ಕಟ್ಟುವುದೇ ಲೇಸೆನಿಸಬಹುದು. ಆದ್ದರಿಂದ ನೌಕರನ ಒಪ್ಪಿಗೆ ಪಡೆದು, ಕರಾರು ಪತ್ರದಲ್ಲಿ ಬರೆದು, ವರ್ಷದ ಆರಂಭದಲ್ಲೇ ಶುರುಮಾಡಬೇಕು. ಹಣ ವಾಸ್ತವವಾಗಿ ಖಾತೆಗೆ ಜಮೆಯಾಗಿರಬೇಕು. ಮಾರ್ಚ್ ಕಡೆಯ ವಾರದಲ್ಲಿ ಹಿಂದಿನ ದಿನಾಂಕದ ಕಾಗದ ಸೃಷ್ಟಿಸುವುದು ತೆರಿಗೆ ಯೋಜನೆಯಲ್ಲ.

ಮನೆ ಸಾಲ, ವಿಮೆ, ಮಕ್ಕಳ ಶುಲ್ಕ ಇರುವ ನೌಕರನಿಗೆ ಹಳೆಯ ಪದ್ಧತಿ ಅನುಕೂಲವಾಗಬಹುದು. 2023-24ರಿಂದ ಹೊಸ ಪದ್ಧತಿಯೇ ಸಹಜ ಆಯ್ಕೆಯಾಗಿದ್ದು, ಬೇಡವೆನ್ನುವವನು ಮಾಲೀಕನಿಗೆ ತಿಳಿಸಬೇಕೆಂದು 2023ರ ಏಪ್ರಿಲ್ 5ರ ಸುತ್ತೋಲೆ ಹೇಳಿತು. ಪ್ರತಿ ಏಪ್ರಿಲ್‌ನಲ್ಲಿ ಇದನ್ನು ಬರಹದಲ್ಲಿ ಪಡೆಯುವುದು ಕ್ಷೇಮ.

ಕೆಲವೆಡೆ ಮ್ಯಾನೇಜರನನ್ನು “ಸಲಹೆಗಾರ”ನೆಂದು ಕರೆದು, ವೃತ್ತಿಪರ ಶುಲ್ಕವೆಂದು ಶೇ. 10 ಮುರಿದು ಕೈತೊಳೆದುಕೊಳ್ಳುವ ಕ್ರಮವಿದೆ. ಬೆಳಿಗ್ಗೆ ಹಾಜರಿ ಕರೆಯುವವನು, ರಜೆಗೆ ಮಾಲೀಕನ ಅಪ್ಪಣೆ ಕೇಳುವವನು, ತೋಟದ ಬಂಗಲೆಯಲ್ಲೇ ಇರುವವನು ಹೆಸರಿನಿಂದ ಸಲಹೆಗಾರನಾಗಲಾರ. ಇಲ್ಲಿ ನೋಡುವುದು ಹೆಸರನ್ನಲ್ಲ, ಹತೋಟಿಯನ್ನು.

ಹೋಂಸ್ಟೇ ನಡೆಸುವವರು ಕೇಳುವ ಪ್ರಶ್ನೆ ಇನಾಮಿನದು. ಅತಿಥಿಗಳು ಬಿಲ್ಲಿನೊಂದಿಗೆ ಕಾರ್ಡಿನಲ್ಲಿ ಕೊಟ್ಟ ಇನಾಮನ್ನು ಹೋಟೆಲು ನೌಕರರಿಗೆ ಹಂಚಿದರೆ ಅದು ಸಂಬಳವಲ್ಲ, ಅದರ ಮೇಲೆ ಸಂಬಳದ ಕಡಿತದ ಹೊಣೆ ಇಲ್ಲವೆಂದು ಐಟಿಸಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2016ರಲ್ಲಿ ಹೇಳಿತು. ನೌಕರನ ಪಾಲಿಗೆ ಅದು ಆದಾಯವೇ ಎಂಬುದು ಬೇರೆ ಮಾತು.

ಮುರಿದ ತೆರಿಗೆಯನ್ನು ಮುಂದಿನ ತಿಂಗಳ 7ರೊಳಗೆ, ಮಾರ್ಚಿಯದನ್ನು ಏಪ್ರಿಲ್ 30ರೊಳಗೆ ಕಟ್ಟಬೇಕು. ಜುಲೈ-ಆಗಸ್ಟ್ ಮಳೆಯಲ್ಲಿ ಮರ ಬಿದ್ದು ವಿದ್ಯುತ್ತೂ ಇಂಟರ್ನೆಟ್ಟೂ ನಾಲ್ಕು ದಿನ ಇಲ್ಲದಿರುವುದು ಈ ಘಟ್ಟದಲ್ಲಿ ಹೊಸದಲ್ಲ. ಹಾಗೆಂದು ಬಡ್ಡಿ ನಿಲ್ಲದು. ಜುಲೈ 31ರಂದು ಮುರಿದ ರೂ. 10,000ವನ್ನು ಆಗಸ್ಟ್ 8ರಂದು ಕಟ್ಟಿದರೆ ತಡವಾದದ್ದು ಒಂದೇ ದಿನ. ಆದರೆ ತಿಂಗಳ ಭಾಗವನ್ನೂ ಪೂರ್ಣ ತಿಂಗಳೆಂದು ಎಣಿಸುವುದರಿಂದ ತಿಂಗಳಿಗೆ ಶೇ. 1.5ರಂತೆ ಎರಡು ತಿಂಗಳ ಬಡ್ಡಿ, ರೂ. 300. ಮುರಿಯದೇ ಬಿಟ್ಟದ್ದಕ್ಕೆ ತಿಂಗಳಿಗೆ ಶೇ. 1. ತ್ರೈಮಾಸಿಕ ವಿವರಪಟ್ಟಿ ತಡವಾದರೆ ದಿನಕ್ಕೆ ರೂ. 200 ಶುಲ್ಕ, ತೆರಿಗೆಯ ಮೊತ್ತ ಮೀರದಂತೆ. ಹೋಂಸ್ಟೇಯಂಥ ವ್ಯಾಪಾರದಲ್ಲಿ ಕಡಿತ ಮಾಡದ ಸಂಬಳದ ಶೇ. 30ನ್ನು ಖರ್ಚೆಂದು ಒಪ್ಪದಿರುವ ವಿಧಿಯೂ ಉಂಟು. ಪೂರ್ತಿ ಕೃಷಿ ಆದಾಯದ ತೋಟಕ್ಕೆ ಆ ಪೆಟ್ಟು ತಾಗದು, ಬಡ್ಡಿ ಮಾತ್ರ ತಪ್ಪದು.

ಮುರಿದೂ ಕಟ್ಟದಿರುವುದು ಎಲ್ಲಕ್ಕಿಂತ ಗಂಭೀರ. ಅದು ನೌಕರನ ಹಣ. ಫಸಲಿನ ಖರ್ಚಿಗೆ ತಾತ್ಕಾಲಿಕವಾಗಿ ಬಳಸಿಕೊಂಡೆನೆಂಬುದು ಸಬೂಬಾಗದು. ಮೊಕದ್ದಮೆಗೂ ಅವಕಾಶವಿದೆ. ಮೊದಲು ತೊಂದರೆ ಅನುಭವಿಸುವವನು ನೌಕರ: ಅವನ ತೆರಿಗೆ ಜಮೆಯ ಪಟ್ಟಿಯಲ್ಲಿ ಹಣ ಕಾಣದು, ರೀಫಂಡ್ ಬಾರದು, ಬ್ಯಾಂಕಿನವರು ಸಾಲಕ್ಕೆ ಕೇಳುವ ಪ್ರಮಾಣಪತ್ರ ಸಿಗದು.

ವೃತ್ತಿ ತೆರಿಗೆಯನ್ನು ಇದರೊಡನೆ ಬೆರೆಸಬಾರದು. ಕರ್ನಾಟಕದಲ್ಲಿ ರೂ. 25,000 ಮತ್ತು ಮೇಲ್ಪಟ್ಟ ಮಾಸಿಕ ಸಂಬಳಕ್ಕೆ ತಿಂಗಳಿಗೆ ರೂ. 200; 2025ರ ತಿದ್ದುಪಡಿಯಂತೆ ಫೆಬ್ರವರಿಯಲ್ಲಿ ರೂ. 300.

ಮಾರ್ಚ್ ತಿಂಗಳ ಬೋನಸ್ ಚೀಟಿ ಬರೆಯುವ ಮುನ್ನ ಕಡಿತದ ಲೆಕ್ಕವನ್ನು ಮತ್ತೊಮ್ಮೆ ಮಾಡಬೇಕು. ಹಿಂದಿನ ತಿಂಗಳುಗಳಲ್ಲಿ ಕಡಿಮೆ ಮುರಿದದ್ದನ್ನು ವರ್ಷದೊಳಗೆ ಸರಿಪಡಿಸಿಕೊಳ್ಳಲು ಕಾನೂನು ಅವಕಾಶ ಕೊಟ್ಟಿದೆ. ಬೋನಸ್ ಪೂರ್ತಿ ಕೊಟ್ಟು, ಏಪ್ರಿಲ್‌ನಲ್ಲಿ ಮ್ಯಾನೇಜರನ ಬಳಿ ರೂ. 76,440 ವಾಪಸು ಕೇಳುವ ಪ್ರಸಂಗ ಬಂದರೆ, ಅಷ್ಟರಲ್ಲಿ ಆ ಹಣ ಅವನ ಊರಿನ ಮನೆಯ ಚಾವಣಿಯಾಗಿ ಹೋಗಿರುತ್ತದೆ.