ಮನೆ ಮಾರುವವರ ನುಡಿ: ಅರಿತು ಕೇಳುವುದು, ತಿಳಿಯುವಂತೆ ಹೇಳುವುದು

ಬೆಂಗಳೂರಿನಲ್ಲಿ ಮನೆ ಕೊಳ್ಳಲು ಬರುವವರೆಲ್ಲರೂ ಒಂದೇ ನುಡಿಯವರಲ್ಲ. ಕನ್ನಡ, ತಮಿಳು, ತೆಲುಗು, ಹಿಂದಿ, ಬಂಗಾಳಿ ಮನೆಮಾತಿನ ಕುಟುಂಬಗಳು ತಮ್ಮ ಜೀವಮಾನದ ಉಳಿತಾಯವನ್ನು ಇಲ್ಲಿ ತೊಡಗಿಸುತ್ತವೆ. ಆದುದರಿಂದ ಮಾರುವವರ ಒಂದು ಅಸ್ಪಷ್ಟ ಮಾತೂ ಕೊಳ್ಳುವವರಿಗೆ ದೊಡ್ಡ ಹಾನಿಯನ್ನುಂಟುಮಾಡಬಲ್ಲದು.

ಮೊದಲನೆಯದಾಗಿ, ಊಹಿಸದೆ ಕೇಳಬೇಕು. ಹೆಸರನ್ನು ನೋಡಿ ಒಬ್ಬರ ಆಹಾರ, ನಂಬಿಕೆ, ಬಯಸುವ ಬಡಾವಣೆಗಳನ್ನು ನಿರ್ಧರಿಸುವುದು ತರವಲ್ಲ. ಒಬ್ಬರಿಗೆ ಪೂರ್ವದ ಬಾಗಿಲು ಮುಖ್ಯವಾದರೆ ಮತ್ತೊಬ್ಬರಿಗೆ ಮಕ್ಕಳ ಶಾಲೆಯ ಸಾಮೀಪ್ಯ ಮುಖ್ಯ. ಒಂದೇ ನುಡಿಯ ಇಬ್ಬರಲ್ಲಿಯೂ ಈ ಭೇದವಿರುತ್ತದೆ.

ಎರಡನೆಯದಾಗಿ, ತಲೆಯಾಡಿಸಿದುದನ್ನೇ ಒಪ್ಪಿಗೆಯೆಂದು ತಿಳಿಯಬಾರದು. 'ಕೇಳುತ್ತಿದ್ದೇನೆ' ಎಂಬುದಷ್ಟೇ ಅದರ ಅರ್ಥವಾಗಿರಬಹುದು. 'ಮನೆಯಲ್ಲಿ ಕೇಳಿ ಹೇಳುತ್ತೇವೆ' ಎಂಬುದು ಕೆಲವರಲ್ಲಿ ಸೌಜನ್ಯದ ನಿರಾಕರಣೆ. ಇನ್ನು ಕೆಲವರಲ್ಲಿ ಹಿರಿಯರ ಅಭಿಪ್ರಾಯಕ್ಕಾಗಿ ನಿಜವಾಗಿಯೂ ಕಾಯುವುದು. ಎರಡಕ್ಕೂ ಕಾಲಾವಕಾಶ ನೀಡುವುದೇ ಯೋಗ್ಯ. ಮಾತನಾಡುವವರನ್ನಷ್ಟೇ ಅಲ್ಲದೆ, ಮೌನವಾಗಿ ಕುಳಿತ ಗೃಹಿಣಿಯನ್ನೂ ವೃದ್ಧರನ್ನೂ ಉದ್ದೇಶಿಸಿ ವಿವರಿಸಬೇಕು.

ಮೂರನೆಯದಾಗಿ, ವ್ಯವಹಾರದ ಪದಗಳನ್ನು ಬಿಡಿಸಿ ಹೇಳಬೇಕು. 2016ರ ರೇರಾ ಕಾಯ್ದೆಯ ಪ್ರಕಾರ 'ಕಾರ್ಪೆಟ್ ಏರಿಯಾ'ದಲ್ಲಿ ಹೊರಗೋಡೆ, ಬಾಲ್ಕನಿಗಳು ಸೇರುವುದಿಲ್ಲ. 'ಸೂಪರ್ ಬಿಲ್ಟ್‌-ಅಪ್'ನಲ್ಲಿ ಮೆಟ್ಟಿಲು, ಲಿಫ್ಟ್‌ಗಳ ಪಾಲೂ ಸೇರಿರುತ್ತದೆ. ಮಾರಾಟದ ಕರಾರು ನೋಂದಣಿಯಾಗುವ ಮೊದಲು ನಿರ್ಮಾಣದಾರರು ಬೆಲೆಯ ಶೇ. 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಇವನ್ನು ಕೊಳ್ಳುವವರ ನುಡಿಯಲ್ಲಿ ತಿಳಿಸಿ, ಅವರು ಗ್ರಹಿಸಿದುದನ್ನು ಅವರಿಂದಲೇ ಕೇಳಿ ತಿಳಿಯಬೇಕು. ನುಡಿ ಬಾರದಿದ್ದಲ್ಲಿ ಕೊಳ್ಳುವವರೇ ನಂಬುವ ದುಭಾಷಿಯನ್ನು ಕರೆಸುವುದು ಲೇಸು.

ಅರ್ಥವಾಗದೆ ಹಾಕಿದ ಸಹಿಯಿಂದ ಮನೆ ಮಾರಾಟವಾಗಬಹುದು, ಆದರೆ ವಿಶ್ವಾಸ ಉಳಿಯಲಾರದು.